ಬೀಗದ ಕೈ ಕೇಳುವ ಮೊದಲು

ಅಪ್‌ವರ್ಕ್‌ನಲ್ಲಿ ‘ನನಗೆ ಲಿನಕ್ಸ್ ಚೆನ್ನಾಗಿ ಬರುತ್ತೆ’ ಅಂತಷ್ಟೇ ಬರೆದರೆ ಸಿಸ್ಟಮ್ ಅಡ್ಮಿನ್ ಕೆಲಸ ಸಿಗೋದು ಕಷ್ಟ. ಲೋಗೋ ಕೆಟ್ಟರೆ ಮತ್ತೊಂದು ಮಾಡಿಸಬಹುದು. ನಮಗೆ ಕೊಡೋದು ಸರ್ವರ್, ಅಂದ್ರೆ ಅಂಗಡಿಯ ಬೀಗದ ಕೈ. ಮುಖ ನೋಡದವರ ಕೈಗೆ ಅದನ್ನ ಯಾರು ಕೊಡ್ತಾರೆ?

ಅದಕ್ಕೇ ಒಂದೇ ಸಮಸ್ಯೆ ಹಿಡೀರಿ. ಸೆಂಟ್‌ಓಎಸ್ 7ರ ಬೆಂಬಲ 2024ರ ಜೂನ್ 30ಕ್ಕೆ ಮುಗೀತು. ಅದರಲ್ಲೇ ಓಡುತ್ತಿರೋ ಸರ್ವರನ್ನು ಆಲ್ಮಾಲಿನಕ್ಸ್‌ಗೆ ಸಾಗಿಸೋ ಕೆಲಸ ಅಂದ್ಕೊಳ್ಳಿ. ಪ್ರಪೋಸಲ್‌ನಲ್ಲಿ ನಾನು ಬರೆಯೋದು ಮೂರೇ ಮಾತು:

ಮೊದಲು ಬ್ಯಾಕಪ್ಪನ್ನು ಬೇರೆ ಕಡೆ ರೀಸ್ಟೋರ್ ಮಾಡಿ ತೋರಿಸ್ತೇನೆ.

ಕೆಲಸ ಕೆಟ್ಟರೆ ಹಳೇ ಸರ್ವರ್‌ಗೇ ವಾಪಸ್ ಬರೋ ದಾರಿ ಹೀಗಿದೆ.

ರೂಟ್ ಪಾಸ್‌ವರ್ಡ್ ಬೇಡ. ಬೇರೆ ಅಕೌಂಟ್ ಮಾಡಿ, ನನ್ನ ಎಸ್‌ಎಸ್‌ಎಚ್ ಪಬ್ಲಿಕ್ ಕೀ ಹಾಕಿ.

ಮುಗಿದ ದಿನ ನಾವೇ ಹೇಳಬೇಕು: ‘ಈಗ ನನ್ನ ಅಕೌಂಟ್ ಅಳಿಸಿಬಿಡಿ.’ ಮುಂದಿನ ಕೆಲಸಕ್ಕೆ ನೆನಪಾಗೋದು ಹಾಗೆ ಹೇಳಿದವರೇ.