‘ಇಂಥ ರೋಗಿ’ ಎಂದರೆ ಎಂಥ ರೋಗಿ?

ವೈದ್ಯರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಮಾತೊಂದಿದೆ: ‘ಇಂಥ ಕೇಸುಗಳನ್ನು ಬೇಕಾದಷ್ಟು ನೋಡಿದ್ದೇನೆ.’ ಆ ‘ಇಂಥ’ ಅನ್ನುವ ಪದ ನೋಡೋಕೆ ಪುಟ್ಟದು, ಜಗಳ ದೊಡ್ಡದು. ಯಾರ ಜೊತೆ ಯಾರನ್ನು ಸೇರಿಸಿ ಎಣಿಸಬೇಕು? 18ನೇ ಶತಮಾನದ ಫ್ರಾನ್ಸಿನಲ್ಲಿ ಸೊವಾಜ್ ಎಂಬಾತ ಗಿಡಗಳನ್ನು ವಿಂಗಡಿಸಿದ ಹಾಗೆ ಕಾಯಿಲೆಗಳನ್ನು ಹತ್ತು ವರ್ಗ ಮಾಡಿ, ಎರಡು ಸಾವಿರಕ್ಕೂ ಮಿಕ್ಕಿ ಜಾತಿಗಳನ್ನು ಪಟ್ಟಿ ಮಾಡಿದ. ಪಟ್ಟಿಯೇನೋ ಬೆಳೆಯಿತು; ಯಾವ ಮದ್ದು ನಾಟುತ್ತದೆ ಎಂಬುದು ಮಾತ್ರ ತಿಳಿಯಲಿಲ್ಲ.

ನನಗೆ ಅಚ್ಚುಮೆಚ್ಚು ಪ್ಯಾರಿಸ್ಸಿನ ವೈದ್ಯ ಪಿಯೇರ್ ಲೂಯಿ. ಆಗೆಲ್ಲ ಜ್ವರ ಬಂದರೆ ರಕ್ತ ತೆಗೆಯುವುದೇ ಮದ್ದು. ರಕ್ತ ಹೀರಿಸಲೆಂದೇ 1833ರಲ್ಲಿ ಫ್ರಾನ್ಸ್ ನಾಲ್ಕು ಕೋಟಿಗೂ ಹೆಚ್ಚು ಜಿಗಣೆ ತರಿಸಿಕೊಂಡಿತ್ತು! ಲೂಯಿ ಅದುವರೆಗೆ ಗಟ್ಟಿಮುಟ್ಟಾಗಿದ್ದು ನ್ಯುಮೋನಿಯಾಕ್ಕೆ ತುತ್ತಾದ 77 ಮಂದಿಯನ್ನಷ್ಟೇ ಆರಿಸಿಕೊಂಡ. ಮೊದಲ ನಾಲ್ಕು ದಿನದೊಳಗೆ ರಕ್ತ ತೆಗೆಸಿಕೊಂಡ 41 ಜನರಲ್ಲಿ 18 ಮಂದಿ ತೀರಿಕೊಂಡಿದ್ದರು. ಐದರಿಂದ ಒಂಬತ್ತನೇ ದಿನದ ನಡುವೆ ತೆಗೆಸಿಕೊಂಡ 36ರಲ್ಲಿ 9. ಬದುಕಿದವರಲ್ಲಿ ಬೇಗ ತೆಗೆಸಿಕೊಂಡವರು ಸುಮಾರು ಮೂರು ದಿನ ಮೊದಲೇ ಚೇತರಿಸಿಕೊಂಡಿದ್ದರು, ಅಷ್ಟೇ. ಜೀವ ಉಳಿಸುತ್ತದೆಂದು ನಂಬಿದ್ದ ಮದ್ದಿನ ಮಹಿಮೆ ಇಷ್ಟು!

ಹೀಗೆ ರೋಗಿಗಳನ್ನು ಎಣಿಸುವ ವಿಧಾನದ ಬಗ್ಗೆ 1837ರಲ್ಲಿ ಪ್ಯಾರಿಸ್ಸಿನ ವೈದ್ಯಕೀಯ ಅಕಾಡೆಮಿಯಲ್ಲಿ ದೊಡ್ಡ ಗದ್ದಲ. ಒಬ್ಬ ರೋಗಿಯಂತೆ ಇನ್ನೊಬ್ಬನಿಲ್ಲ, ಮನುಷ್ಯರನ್ನು ಕೂಡಿ ಕಳೆಯುವುದೆಂತು ಎಂಬುದು ವಿರೋಧಿಗಳ ವಾದ. ಕೇಳಲು ಮಾನವೀಯವಾಗಿದೆ, ಆದರೆ ಟೊಳ್ಳು. ಪ್ರತಿ ರೋಗಿಯೂ ಸಂಪೂರ್ಣ ಬೇರೆಯಾದರೆ ನಿನ್ನೆಯ ಅನುಭವ ಇವತ್ತಿಗೆ ಹೇಗೆ ಒದಗೀತು? ‘ಅನುಭವ’ ಎಂದ ಕ್ಷಣವೇ ವೈದ್ಯ ಗುಂಪು ಮಾಡಿಯಾಯಿತು. ವ್ಯತ್ಯಾಸ ಇಷ್ಟೇ: ಅವನ ಗುಂಪಿನ ಬೇಲಿ ಮನಸ್ಸಿನೊಳಗಿದೆ, ಲೂಯಿಯದು ಎಲ್ಲರ ಕಣ್ಣಿಗೂ ಬೀಳುತ್ತದೆ. ಕಣ್ಣಿಗೆ ಬಿದ್ದ ಬೇಲಿಯ ತಪ್ಪನ್ನು ತಿದ್ದಬಹುದು.

ತಪ್ಪು ಇತ್ತು ಕೂಡ. ಹೆಚ್ಚು ನರಳುತ್ತಿದ್ದವರಿಗೇ ಬೇಗ ರಕ್ತ ತೆಗೆದಿದ್ದರೆ? ಈ ಆಕ್ಷೇಪಣೆಗೆ ಲೂಯಿಯ ಲೆಕ್ಕದಲ್ಲಿ ಉತ್ತರವಿಲ್ಲ. ಇಂಥ ಆಕ್ಷೇಪಣೆಗೆ ಉತ್ತರ ಸಿಕ್ಕಿದ್ದು ಕ್ಷಯದ ಮದ್ದು ಸ್ಟ್ರೆಪ್ಟೊಮೈಸಿನ್ ಕುರಿತು ಬ್ರಿಟನ್ನಿನಲ್ಲಿ ನಡೆದು 1948ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ. ಯಾರಿಗೆ ಮದ್ದು, ಯಾರಿಗೆ ಬರೀ ವಿಶ್ರಾಂತಿ ಎಂಬುದನ್ನು ವೈದ್ಯರ ಮರ್ಜಿಗೆ ಬಿಡದೆ, ಮೊಹರು ಮಾಡಿದ ಲಕೋಟೆಯೊಳಗಿನ ಚೀಟಿಗೆ ಬಿಟ್ಟರು. ಆರು ತಿಂಗಳಲ್ಲಿ ಮದ್ದು ಸಿಕ್ಕ 55 ಮಂದಿಯಲ್ಲಿ 4 ಸಾವು, ಸಿಗದ 52ರಲ್ಲಿ 14. ಭೇಷ್ ಅನ್ನಬೇಕು. ಆದರೆ ಆ ಬೇಲಿಯೊಳಗೆ ಸೇರಿಸಿಕೊಂಡದ್ದು ಎರಡೂ ಶ್ವಾಸಕೋಶಕ್ಕೆ ಹೊಸದಾಗಿ ಕ್ಷಯ ತಗುಲಿದ, 15ರಿಂದ 30ರ ವಯಸ್ಸಿನವರನ್ನು ಮಾತ್ರ. ಐವತ್ತು ದಾಟಿದವರ ಬಗ್ಗೆ ಆ 107 ಮಂದಿ ನೇರವಾಗಿ ಏನನ್ನೂ ಹೇಳಲಿಲ್ಲ.