ತೊದಲನ್ನು ಜೊತೆಗಿಟ್ಟುಕೊಂಡೇ



ಅಮೆರಿಕದ ಮಿಷಿಗನ್ ರಾಜ್ಯದ ಹಳ್ಳಿಯೊಂದರಲ್ಲಿ ಅಜ್ಜ–ಅಜ್ಜಿಯ ಆಸರೆಯಲ್ಲಿ ಬೆಳೆಯುತ್ತಿದ್ದ ಕಪ್ಪು ಜನಾಂಗದ ಹುಡುಗ. ಹೊಲಮನೆಯ ಪ್ರಾಣಿಗಳ ಜೊತೆ ಸಲೀಸಾಗಿ ಮಾತಾಡುತ್ತಿದ್ದ. ಮನುಷ್ಯರು ಎದುರಾದರೆ ನಾಲಿಗೆ ತೊಡರುತ್ತಿತ್ತು. ಅವಮಾನ ಸಾಕಾಗಿ, ಹೆಚ್ಚುಕಡಿಮೆ ಎಂಟು ವರ್ಷ ಅವನು ಬಾಯಿ ಬಿಡುವುದನ್ನೇ ಬಿಟ್ಟ. 1931ರಲ್ಲಿ ಮಿಸಿಸಿಪ್ಪಿಯಲ್ಲಿ ಹುಟ್ಟಿದ ಈ ಜೇಮ್ಸ್ ಅರ್ಲ್ ಜೋನ್ಸ್ ಮುಂದೆ ರಂಗಭೂಮಿ, ಸಿನಿಮಾ, ಟೆಲಿವಿಷನ್ ಮೂರರಲ್ಲೂ ತನ್ನ ದನಿಯಿಂದಲೇ ಗುರುತಾದ.

ಪ್ರೌಢಶಾಲೆಯ ಇಂಗ್ಲಿಷ್ ಮೇಷ್ಟ್ರು ಡೊನಾಲ್ಡ್ ಕ್ರೌಚ್ ಅವರಿಗೆ ಈ ಮೂಕನಂಥ ಹುಡುಗ ಗುಟ್ಟಾಗಿ ಪದ್ಯ ಬರೆಯುವುದು ತಿಳಿಯಿತು. ಗ್ರೇಪ್‌ಫ್ರೂಟ್ ಹಣ್ಣಿನ ಮೇಲೊಂದು ಪದ್ಯ. ಇಷ್ಟು ಚೆನ್ನಾಗಿರುವ ಪದ್ಯ ನಿನ್ನದೇ ಆಗಿದ್ದರೆ ತರಗತಿಯ ಮುಂದೆ ನಿಂತು ಬಾಯಿಪಾಠ ಒಪ್ಪಿಸು ಎಂದರು ಮೇಷ್ಟ್ರು. ಹುಡುಗ ಎದ್ದು ನಿಂತ, ತೊದಲಿಲ್ಲದೆ ಒಪ್ಪಿಸಿದ. ಕರುಣೆಯಿಂದ ಅವನನ್ನು ಸುಮ್ಮನೆ ಕೂರಲು ಬಿಡುವುದು ಸುಲಭವಿತ್ತು. ಆ ಕರುಣೆ ತೋರದಿದ್ದುದೇ ಕ್ರೌಚ್ ಮಾಡಿದ ದೊಡ್ಡ ಉಪಕಾರ ಎಂದು ನನಗನಿಸುತ್ತದೆ.

ಆದರೆ ತೊದಲು ಅಲ್ಲಿಗೇ ವಾಸಿಯಾಗಲಿಲ್ಲ. ವೈದ್ಯನಾಗಲೆಂದು ಮಿಷಿಗನ್ ವಿಶ್ವವಿದ್ಯಾಲಯ ಸೇರಿ ನಾಟಕದ ಕಡೆ ಹೊರಳಿದ ಜೋನ್ಸ್, ಸೈನ್ಯದಲ್ಲೂ ಇದ್ದು ನ್ಯೂಯಾರ್ಕ್‌ಗೆ ಬಂದರು. ಕಟ್ಟಡ ಗುಡಿಸಿ ಒರೆಸುವ ಕೆಲಸದಿಂದ ಹೊಟ್ಟೆ ಹೊರೆದರು. 1958ರಲ್ಲಿ ಬ್ರಾಡ್‌ವೇಯ ಕಾರ್ಟ್ ರಂಗಮಂದಿರದಲ್ಲಿ ಸೇವಕನ ಪುಟ್ಟ ಪಾತ್ರ ಸಿಕ್ಕಿತು. ನಾಟಕದಲ್ಲಿ ಬರುವ ಮಿಸೆಸ್ ರೂಸ್‌ವೆಲ್ಟ್ ಅವರಿಗೆ ಊಟ ಸಿದ್ಧ ಎಂದು ಹೇಳಿದರಾಯಿತು. ಒಂದು ರಾತ್ರಿ ‘ಮ’ಕಾರದಲ್ಲೇ ನಾಲಿಗೆ ಸಿಕ್ಕಿಕೊಂಡಿತು. 2022ರಲ್ಲಿ ಅದೇ ರಂಗಮಂದಿರಕ್ಕೆ ಅವರ ಹೆಸರಿಟ್ಟರು.

ಈ ನಡುವಿನ ಕಾಲದಲ್ಲಿ ಅವರು ಮಾಡಿದ್ದೆಷ್ಟು! ‘ದಿ ಗ್ರೇಟ್ ವೈಟ್ ಹೋಪ್’ ನಾಟಕದ ಕಪ್ಪು ಮುಷ್ಟಿಯೋಧನ ಪಾತ್ರಕ್ಕೆ 1969ರಲ್ಲಿ ಟೋನಿ ಪ್ರಶಸ್ತಿ. ಆಗಸ್ಟ್ ವಿಲ್ಸನ್ ಅವರ ‘ಫೆನ್ಸಸ್’ನಲ್ಲಿ ಕಸ ಸಾಗಿಸುವ ಕೆಲಸದ, ಒಳಗೇ ಕುದಿಯುವ ತಂದೆಯ ಪಾತ್ರಕ್ಕೆ 1987ರಲ್ಲಿ ಮತ್ತೊಂದು. 1991ರಲ್ಲಿ ಒಂದೇ ವರ್ಷ ಟೆಲಿವಿಷನ್‌ನ ಎರಡು ಎಮ್ಮಿ ಪ್ರಶಸ್ತಿ. ಜಗತ್ತು ಅವರನ್ನು ‘ಸ್ಟಾರ್ ವಾರ್ಸ್’ ಸಿನಿಮಾದ ಮುಖವಾಡಧಾರಿ ಖಳ ಡಾರ್ತ್ ವೇಡರ್‌ನ ದನಿಯಾಗಿ ಬಲ್ಲದು. ಮುಖವಾಡದೊಳಗೆ ನಟಿಸಿದ್ದು ಬೇರೊಬ್ಬರು. ತನ್ನದು ಬರೀ ದನಿ ಎಂದು, ಆ ಸಿನಿಮಾ ಬಂದ 1977ರಲ್ಲಿ ಜೋನ್ಸ್ ಪರದೆಯ ಮೇಲೆ ಹೆಸರು ಹಾಕಿಸಿಕೊಳ್ಳಲಿಲ್ಲ. ನನಗೆ ಮಾತ್ರ ‘ಫೆನ್ಸಸ್’ನ ಆ ತಂದೆಯೇ ಅವರ ಶಿಖರ.

2024ರ ಸೆಪ್ಟೆಂಬರ್‌ನಲ್ಲಿ, 93ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ತೊದಲು ಅವರ ಜೊತೆಗೇ ಇತ್ತು, ಅದನ್ನವರು ಮುಚ್ಚಿಡಲಿಲ್ಲ. ಪದವನ್ನು ಮೊದಲು ಮನಸ್ಸಿನಲ್ಲಿ ತೂಗಿ ಆಮೇಲೆ ನುಡಿಯುವ ನಿಧಾನ ಅವರ ಮಾತಿನಲ್ಲಿತ್ತು. ಮಕ್ಕಳ ಟೆಲಿವಿಷನ್ ಕಾರ್ಯಕ್ರಮ ‘ಸೆಸಮಿ ಸ್ಟ್ರೀಟ್’ ಶುರುವಾದ ಹೊಸದರಲ್ಲಿ ಅವರು ಅದೇ ನಿಧಾನದಲ್ಲಿ ಇಂಗ್ಲಿಷ್ ವರ್ಣಮಾಲೆ ಓದಿದ್ದರು. ಪರದೆಯ ಮೇಲೆ ಅಕ್ಷರ ಮೂಡುತ್ತದೆ. ಜೋನ್ಸ್ ನೇರವಾಗಿ ನೋಡುತ್ತ ಕೊಂಚ ತಡೆದು ಅದನ್ನು ನುಡಿಯುತ್ತಾರೆ. ನೋಡುತ್ತಿದ್ದ ಮಕ್ಕಳು ಮೊದಮೊದಲು ಅವರ ಜೊತೆಗೆ ಹೇಳಿದರು. ಮತ್ತೆ ಮತ್ತೆ ನೋಡಿದ ಮೇಲೆ, ಅವರು ಬಾಯಿ ತೆರೆಯುವ ಮುಂಚೆಯೇ ಅಕ್ಷರವನ್ನು ಕೂಗಿ ಹೇಳತೊಡಗಿದರು.