ಗಿರಾಕಿ ಕಳಿಸಿದ ಫೈಲು



ಗುರುತಿಲ್ಲದವರು ಕಳಿಸಿದ ಫೈಲನ್ನು ತೆರೆಯಬೇಡಿ ಎಂಬ ಬುದ್ಧಿವಾದವನ್ನು ನೀವೂ ಕೇಳಿರುತ್ತೀರಿ. ಆದರೆ ಅಪ್‌ವರ್ಕ್, ಫೈವರ್‌ನಂಥ ತಾಣಗಳಲ್ಲಿ ಬಿಡಿಬಿಡಿ ಕೆಲಸ ಹಿಡಿದು ಬದುಕುವವರಿಗೆ ಗುರುತಿಲ್ಲದವರ ಫೈಲು ತೆರೆಯುವುದೇ ಕಸುಬು. ಸೂರತ್‌ನಲ್ಲಿ ಸೀರೆಯ ಪ್ರಿಂಟು, ಎಂಬ್ರಾಯ್ಡರಿ ಡಿಸೈನು ಮಾಡುವವರಾಗಲಿ, ವಡೋದರದಲ್ಲಿ ಯಂತ್ರಭಾಗಗಳ ನಕ್ಷೆ ಬರೆಯುವವರಾಗಲಿ, ಅಹಮದಾಬಾದಿನಲ್ಲಿ ವೆಬ್‌ಸೈಟು ಕಟ್ಟುವವರಾಗಲಿ, ಗಿರಾಕಿಗೆ ‘ಫೈಲು ಕಳಿಸಬೇಡಿ’ ಎನ್ನುವ ಹಾಗಿಲ್ಲ.

ಸೂರತ್‌ನ ಡಿಸೈನರಿಗೆ ಒಂದು ಸಂದೇಶ ಬಂತು ಎಂದುಕೊಳ್ಳಿ: ‘ಬಾರ್ಡರಿನ ಮಾದರಿಗಳು ಜಿಪ್ ಫೈಲಿನಲ್ಲಿವೆ, ಪಾಸ್‌ವರ್ಡ್ 1234.’ ಗುಟ್ಟು ಕಾಪಾಡಲು ಪಾಸ್‌ವರ್ಡ್ ಇಟ್ಟಿದ್ದಾರೆ ಅನ್ನಿಸುತ್ತದೆ. ನಿಜ ಸಂಗತಿ ಬೇರೆ. ಪಾಸ್‌ವರ್ಡ್ ಇರುವ ಜಿಪ್ಪಿನ ಒಳಗಿನ ಫೈಲುಗಳನ್ನು ಬಿಚ್ಚಿ ನೋಡಲು ತಾಣದ ವೈರಸ್ ತಪಾಸಣೆಗೆ ಸಾಮಾನ್ಯವಾಗಿ ಆಗುವುದಿಲ್ಲ. ಬಿಚ್ಚಿ ನೋಡಿದರೆ ನಾಲ್ಕು ನಿಜವಾದ ಚಿತ್ರಗಳು, ಅವುಗಳ ನಡುವೆ ‘ಬಾರ್ಡರ್.ಜೆಪಿಜಿ’ ಎಂಬ ಐದನೆಯದು. ಅದರ ಪೂರ್ತಿ ಹೆಸರು ‘ಬಾರ್ಡರ್.ಜೆಪಿಜಿ.ಎಸ್‌ಸಿಆರ್’. ನಾವು ಬದಲಾಯಿಸದ ಹೊರತು ವಿಂಡೋಸ್ ಆ ಕೊನೆಯ ತುಂಡನ್ನು ತೋರಿಸುವುದಿಲ್ಲ. ಎಸ್‌ಸಿಆರ್ ಎಂಬುದು ಸ್ಕ್ರೀನ್‌ಸೇವರಿನ ಗುರುತು. ಅದು ಚಿತ್ರವಲ್ಲ, ಪ್ರೋಗ್ರಾಂ. ಕ್ಲಿಕ್ ಮಾಡಿದರೆ ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡು, ಕುಕೀಗಳನ್ನೆಲ್ಲ ಬಾಚಿಕೊಂಡು ಹೋಗಬಲ್ಲದು. ಕುಕೀ ಎಂದರೆ ನೀವು ಆಗಲೇ ಒಳಗೆ ಬಂದಿದ್ದೀರಿ ಎಂದು ತಾಣ ಕೊಟ್ಟ ಗೇಟ್‌ಪಾಸ್ ಇದ್ದಂತೆ. ಅದನ್ನು ಕದ್ದವನಿಗೆ ಎಷ್ಟೋ ಸಲ ಒಟಿಪಿಯೂ ಬೇಕಾಗುವುದಿಲ್ಲ. ವರ್ಷಗಟ್ಟಲೆ ದುಡಿದು ಗಳಿಸಿದ ಖಾತೆ, ಅದರ ರೇಟಿಂಗು ಎಲ್ಲವೂ ಅವನ ಪಾಲು.

ನಕ್ಷೆ ಬರೆಯುವವರಿಗೆ 2012ರ ಒಂದು ಪ್ರಕರಣ ಗೊತ್ತಿರಬೇಕು. ಸೈಬರ್ ಭದ್ರತಾ ಕಂಪನಿ ಇಸೆಟ್ ಪತ್ತೆಹಚ್ಚಿದ ‘ಮೆಡ್ರೆ’ ಎಂಬ ಕುತಂತ್ರಾಂಶ ಆಟೋಕ್ಯಾಡ್ ನಕ್ಷೆಗಳ ಫೋಲ್ಡರಿನಲ್ಲೇ ಪುಟ್ಟ ಫೈಲಾಗಿ ಕುಳಿತಿರುತ್ತಿತ್ತು. ನಕ್ಷೆ ತೆರೆದರೆ ಆಟೋಕ್ಯಾಡೇ ಅದನ್ನು ಚಾಲೂ ಮಾಡುತ್ತಿತ್ತು. ಹೆಚ್ಚು ಪೆಟ್ಟು ತಿಂದದ್ದು ಪೆರು ದೇಶ. ಅದು ಕದ್ದ ನಕ್ಷೆಗಳು ಚೀನಾದ ಇಮೇಲ್ ವಿಳಾಸಗಳಿಗೆ ಹೋದವು. ಹಾಗಾಗಿ ನಕ್ಷೆಯ ಜೊತೆ ಎಲ್‌ಎಸ್‌ಪಿ, ಎಫ್‌ಎಎಸ್ ಎಂದು ಕೊನೆಯಾಗುವ, ನೀವು ಕೇಳದ ಫೈಲು ಬಂದಿದ್ದರೆ ಮೊದಲು ಅದನ್ನು ಅಳಿಸಿ.

ವೆಬ್‌ಸೈಟು ಕಟ್ಟುವವರಿಗೆ ಬಲೆ ಇನ್ನೂ ನಯವಾದದ್ದು. ಉತ್ತರ ಕೊರಿಯಾದ ನಂಟಿರುವ ಗುಂಪೊಂದು ಅಪ್‌ವರ್ಕ್, ಫ್ರೀಲಾನ್ಸರ್ ಡಾಟ್ ಕಾಮ್‌ನಂಥ ಕಡೆ ಕೆಲಸ ಕೊಡುವವರ ವೇಷ ಹಾಕಿ, ‘ಈ ಪ್ರಾಜೆಕ್ಟಿನ ದೋಷ ಸರಿಪಡಿಸಿ’ ಎಂದು ಕೋಡು ಕೊಡುತ್ತಿತ್ತೆಂದು ಇಸೆಟ್ 2025ರ ಫೆಬ್ರವರಿಯಲ್ಲಿ ವರದಿ ಮಾಡಿತು. ವಿಷದ ಸಾಲನ್ನು ಉದ್ದನೆಯ ಟಿಪ್ಪಣಿಯ ಹಿಂದೆ ಸೇರಿಸಿದ್ದರು. ಸಾಲು ಪರದೆಯ ಬಲ ಅಂಚು ದಾಟಿ ಹೋಗುವುದರಿಂದ ಓದುವವರ ಕಣ್ಣಿಗೆ ಬೀಳುತ್ತಿರಲಿಲ್ಲ.

ಇಷ್ಟೆಲ್ಲ ಎಚ್ಚರದ ಹೊರೆಯನ್ನು ದುಡಿಯುವವರ ತಲೆಗೇ ಕಟ್ಟುವುದು ನ್ಯಾಯವಲ್ಲ. ವೈರಸ್ ಇರುವುದನ್ನು ಹಂಚಬಾರದೆಂದು ಬಳಕೆದಾರರಿಗೆ ತಿಳಿಸುವ, ಹಂಚದಂತೆ ತಕ್ಕಮಟ್ಟಿನ ಪ್ರಯತ್ನ ಮಾಡುವ ಹೊಣೆಯನ್ನು ನಮ್ಮ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಮಧ್ಯವರ್ತಿ ತಾಣಗಳ ಮೇಲೆ ಹೊರಿಸಿವೆ. ಆದರೆ ಅಷ್ಟಕ್ಕೇ ಬಿಟ್ಟರೆ ಆಯಿತೇ? ಕಮಿಷನ್ ಪಡೆಯುವ ತಾಣ ಪ್ರತಿ ಫೈಲನ್ನೂ ತಪಾಸಣೆ ಮಾಡಬೇಕು, ಪಾಸ್‌ವರ್ಡ್ ಹಾಕಿದ ಜಿಪ್ಪನ್ನು ತಡೆಹಿಡಿಯಬೇಕು, ಚಿತ್ರ ಮತ್ತು ದಾಖಲೆಗಳನ್ನು ಡೌನ್‌ಲೋಡ್ ಇಲ್ಲದೆಯೇ ತನ್ನ ಪುಟದಲ್ಲಿ ತೋರಿಸಬೇಕು. ಇದನ್ನು ಮಾಡುವ ತಂತ್ರಜ್ಞಾನ ಹೊಸದೇನಲ್ಲ.

ಅಲ್ಲಿಯವರೆಗೆ ಫೈಲ್ ಹೆಸರಿನ ಕೊನೆ ಕಾಣುವಂತೆ ವಿಂಡೋಸ್‌ನಲ್ಲಿ ಆಯ್ಕೆ ಮಾಡಿಕೊಳ್ಳಿ. ಬ್ಯಾಂಕಿನ ವ್ಯವಹಾರ ಮಾಡುವ ಕಂಪ್ಯೂಟರಿನಲ್ಲಿ ಹೊಸ ಗಿರಾಕಿಯ ಫೈಲು ತೆರೆಯಬೇಡಿ. ಅನುಮಾನ ಬಂದರೆ ವೈರಸ್‌ಟೋಟಲ್ ತಾಣದಲ್ಲಿ ಪರೀಕ್ಷಿಸಬಹುದು; ಆದರೆ ಅಲ್ಲಿಗೆ ಹಾಕಿದ್ದು ಇತರರ ಕೈಗೂ ಸಿಗಬಲ್ಲದು, ಗಿರಾಕಿಯ ಗುಟ್ಟಿನ ಡಿಸೈನು ಹಾಕಬೇಡಿ.

ಕೈತಪ್ಪಿ ತೆರೆದೇಬಿಟ್ಟರೆ ಮೊದಲು ಇಂಟರ್ನೆಟ್ ಸಂಪರ್ಕ ಕಡಿಯಿರಿ. ಬೇರೆ ಫೋನಿನಿಂದ ಎಲ್ಲ ಖಾತೆಗಳನ್ನೂ ಲಾಗ್‌ಔಟ್ ಮಾಡಿಸಿ ಪಾಸ್‌ವರ್ಡ್ ಬದಲಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಕಂಪ್ಯೂಟರಿನ ಸೋಂಕು ತೆಗೆಯುವ ಉಚಿತ ಉಪಕರಣಗಳು ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿ ಸಿಗುತ್ತವೆ.